ಸಹಾಯ ಬೇಕು: ಚಿಂಚೋಳಿ ಕಡೆಯ ಬಿಳಿ ಅಣಬೆ, ತಿನ್ನಬಹುದೋ ಇಲ್ಲವೋ?

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಮೇಲೆ ಹೊಲದ ಬದುವಿನಲ್ಲಿ ಎದ್ದಿರುವ ಬಿಳಿ ಅಣಬೆ ಗುರುತಿಸಿಕೊಡಿ. ಟೊಪ್ಪಿಗೆ ಗೇಣಗಲ, ನಡುವೆ ಕಂದು ಹೊಪ್ಪಳಿಕೆ, ದಂಟಿಗೆ ಮೇಲೆ ಕೆಳಗೆ ಸರಿಯುವ ಉಂಗುರ. ಹತ್ತಿರದಲ್ಲೇ ಹುತ್ತ ಇರುವುದರಿಂದ ಮನೆಯವರು ಹುತ್ತದ ಅಣಬೆಯೇ ಅಂತಾರೆ. ಆದರೆ ಹುತ್ತದ ಅಣಬೆಯ ದಂಟು ಬೇರಿನ ಹಾಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ, ಟೊಪ್ಪಿಗೆ ನಡುವೆ ಮೊನೆ ಇರುತ್ತದೆ. ಇದರ ಬುಡ ಮೇಲೆಯೇ ಗಡ್ಡೆಯಾಗಿ ನಿಂತಿದೆ.

ನನ್ನ ಅನುಮಾನ ಹಸಿರು ಬೀಜಪುಡಿ ಉದುರಿಸುವ ವಿಷದ ಅಣಬೆ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಮೇಲೆ. ತಿಂದ 1ರಿಂದ 3 ಗಂಟೆಯೊಳಗೆ ಜೋರು ವಾಂತಿ, ಭೇದಿ ಶುರುವಾಗುತ್ತದೆ. ಮಕ್ಕಳಿಗೆ ಬಹಳ ಕಷ್ಟ. ಎಳೆಯದರ ಗರಿ (ಟೊಪ್ಪಿಗೆಯ ಅಡಿಯ ತೆಳು ಪದರಗಳು) ಬಿಳಿಯೇ ಇರುವುದರಿಂದ ಜನ ಮೋಸಹೋಗುತ್ತಾರೆ.

ಬೀಜಪುಡಿಯ ಬಣ್ಣ ನೋಡಲು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಗರಿ ಕೆಳಗಾಗಿ ಟೊಪ್ಪಿಗೆ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೂ ಪುಡಿ ತೆಳ್ಳಗೆ ಬಿದ್ದಿದೆ. ಹಸಿರೋ, ಬೂದಿಯೋ ಹೇಳಲಾಗುತ್ತಿಲ್ಲ. ಹುತ್ತದ್ದಾದರೆ ತಿಳಿ ಗುಲಾಬಿ ಬರಬೇಕಿತ್ತು. ಎಳೆಯದಾದ್ದರಿಂದ ಹೀಗಾಯಿತೇ?

ಕಲಬುರಗಿ ಅಥವಾ ಬೀದರಿನಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿಕೊಡುವವರು ಯಾರಾದರೂ ಇದ್ದೀರಾ? ಬುಡ ಸಮೇತ ಅಗೆದು ಕಾಗದದ ಚೀಲದಲ್ಲಿ ಇಟ್ಟಿದ್ದೇನೆ. ಪ್ಲಾಸ್ಟಿಕ್‌ನಲ್ಲಿ ಬೆವತು ಕೊಳೆಯುತ್ತದೆ. ಬೆಳ್ಳಿ ನಾಣ್ಯ, ಬೆಳ್ಳುಳ್ಳಿ ಹಾಕಿ ಕುದಿಸಿ ನೋಡಿ ಅನ್ನುವ ಸಲಹೆ ದಯವಿಟ್ಟು ಬೇಡ, ಅದರಿಂದ ವಿಷ ಗೊತ್ತಾಗುವುದಿಲ್ಲ.