ಸೈಕಲ್‌ನಲ್ಲಿ ಒಬ್ಬಳೇ ಗೇರುಸೊಪ್ಪೆಯ ಬಸದಿಗಳಿಗೆ: ಒಂದು ದಿನ ಸಾಕಾಗುವುದೇ?

ಪ್ರಶ್ನೆ: ಕುಮಟಾದಿಂದ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ರಾಣಿ ಚೆನ್ನಭೈರಾದೇವಿಯ ಕಥೆಯನ್ನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ಆಕೆ ಆಳಿದ ಊರನ್ನು ಜೋಗಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ, ಒಮ್ಮೆಯೂ ಅಲ್ಲಿ ಇಳಿದವಳಲ್ಲ. ಈ ಕೊರತೆ ಹಲವು ವರ್ಷಗಳಿಂದ ಮನಸ್ಸಿನಲ್ಲಿದೆ.

ಡಿಸೆಂಬರ್‌ನ ಒಂದು ಭಾನುವಾರ ಹೊನ್ನಾವರದ ಚಿಕ್ಕಮ್ಮನ ಮನೆಯಿಂದ ನಸುಕಿನಲ್ಲಿ ಸೈಕಲ್ ಏರಿ ಗೇರುಸೊಪ್ಪೆಗೆ ಹೋಗಿ, ನಗರಬಸ್ತಿಕೇರಿಯ ಬಸದಿಗಳನ್ನು ನೋಡಿ, ಕತ್ತಲಾಗುವ ಮೊದಲು ಹಿಂದಿರುಗಬೇಕೆಂದಿದ್ದೇನೆ. ನನ್ನದು ಗೇರ್ ಇರುವ ಸೈಕಲ್. ದಿನಕ್ಕೆ ಅರವತ್ತು ಕಿಲೋಮೀಟರ್ ತುಳಿದು ಅಭ್ಯಾಸವಿದೆ. ಅದೇ ದಿನ ಭಟ್ಕಳದ ಕಡೆಯ ಹಾಡುವಳ್ಳಿಯನ್ನೂ ಸೇರಿಸಿಕೊಳ್ಳಬಹುದೇ? ಒಬ್ಬಳೇ ಕಾಡಿನ ದಾರಿಯಲ್ಲಿ ಹೋಗುವುದು ನಮ್ಮ ಆಯಿಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ಕಡೆ ಓಡಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊನ್ನಾವರ ತಾಲ್ಲೂಕಿನಿಂದ

ತಂಗಿ, ನಾನು ಆ ದಾರಿಯ ಬದಿಯಲ್ಲೇ ಅಡಕೆ ತೋಟ ಮಾಡಿಕೊಂಡಿರುವವನು. ಹಾಡುವಳ್ಳಿಯನ್ನು ಆ ದಿನದಿಂದ ಬಿಟ್ಟುಬಿಡಿ. ಸಂಗೀತಪುರವೆಂದು ಶಾಸನಗಳಲ್ಲಿ ಹೆಸರಾದ ಆ ಊರು ಬೇರೊಂದು ದಿನಕ್ಕೆ ಅರ್ಹವಾದದ್ದು.

ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು 30 ಕಿಲೋಮೀಟರ್. ಶರಾವತಿಯ ಕಣಿವೆಯಲ್ಲೇ ಸಾಗುವ ದಾರಿಯಾದ್ದರಿಂದ ದೊಡ್ಡ ಏರಿಲ್ಲ. ನಿಜವಾದ ಘಟ್ಟ ಶುರುವಾಗುವುದೇ ಗೇರುಸೊಪ್ಪೆ ದಾಟಿದ ಮೇಲೆ. ಆದರೆ ಇದು ರಾಷ್ಟ್ರೀಯ ಹೆದ್ದಾರಿ. ಘಟ್ಟ ಇಳಿದು ಬರುವ ಲಾರಿಗಳು ತಿರುವುಗಳಲ್ಲಿ ವೇಗ ತಗ್ಗಿಸುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಒಂಬತ್ತರೊಳಗೆ ತಲುಪುತ್ತೀರಿ, ಅಷ್ಟರವರೆಗೆ ವಾಹನಗಳೂ ಕಡಿಮೆ. ಹಿಂದಿರುಗುವಾಗ ಮಧ್ಯಾಹ್ನ ಮೂರರ ನಂತರ ತಡಮಾಡಬೇಡಿ, ಸೈಕಲ್‌ನ ಹಿಂದೆ ಕೆಂಪು ದೀಪ ಉರಿಯುತ್ತಿರಲಿ.

ಚತುರ್ಮುಖ ಬಸದಿಗೆ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಕಾರಿನಲ್ಲಿ ಬರುವವರು ಎದುರಿನ ಬಾಗಿಲಲ್ಲಿ ನಿಂತು ಚಿತ್ರ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಹೊರಟುಹೋಗುವುದನ್ನು ನೋಡಿ ನನಗೆ ನೋವಾಗುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ, ನಾಲ್ಕು ಕಡೆಗೂ ಮುಖ ಮಾಡಿದ ಜಿನಬಿಂಬಗಳಿರುವ ಕಟ್ಟಡವನ್ನು ಒಂದೇ ಕಡೆಯಿಂದ ನೋಡಿದರೆ ಅದರ ಕಾಲುಭಾಗ ಮಾತ್ರ ನೋಡಿದಂತಾಯಿತು. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೀವು ಕಂಡಿದ್ದರೆ ಹೋಲಿಸಿ ನೋಡಿ: ಅದು ಗುಡ್ಡದ ನೆತ್ತಿಯ ಮೇಲೆ ದೂರದಿಂದಲೇ ಕಾಣುತ್ತದೆ, ಇದು ಹತ್ತಿರ ಹೋಗುವವರೆಗೂ ಮರಗಳ ನಡುವೆ ಅಡಗಿರುತ್ತದೆ. ಸುತ್ತಮುತ್ತ ನೇಮಿನಾಥ, ಪಾರ್ಶ್ವನಾಥ ಬಸದಿಗಳೂ ಜ್ವಾಲಾಮಾಲಿನಿಯ ಗುಡಿಯೂ ಇವೆ. ಜ್ವಾಲಾಮಾಲಿನಿಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ. ಅಲ್ಲಿ ಹೊರಗೆ ಚಪ್ಪಲಿ ಬಿಟ್ಟು, ಕೇಳಿಕೊಂಡು ಒಳಗೆ ಹೋಗಿ.

ಇನ್ನೊಂದು ಮಾತು. ಬಿಸಿಲಿಗೆ ದಣಿದು ಹೊಳೆಗೆ ಇಳಿಯಬೇಡಿ. ಮೇಲಿರುವುದು ಶರಾವತಿ ಟೇಲ್‌ರೇಸ್ ಅಣೆಕಟ್ಟು. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗಿನ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ.

ಉತ್ತರ: ಶಿರಸಿಯಿಂದ

ಹಿಂದಿನವರ ಮಾತನ್ನು ಗೌರವಿಸುತ್ತಲೇ ಬೇರೊಂದು ಸಲಹೆ ಕೊಡುತ್ತೇನೆ. ಒಬ್ಬರೇ ಹೋಗುವ ಮೊದಲ ಪ್ರವಾಸಕ್ಕೆ ಬನವಾಸಿ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ದಾರಿಯುದ್ದಕ್ಕೂ ಊರುಗಳಿವೆ, ಮಧುಕೇಶ್ವರ ದೇವಸ್ಥಾನದಲ್ಲಿ ಸದಾ ಜನರಿರುತ್ತಾರೆ. ಅಲ್ಲಿನ ಐದು ಹೆಡೆಯ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ ಅದನ್ನು ಕಡೆದ ಶಿಲ್ಪಿ ನಟಕನ ಹೆಸರಿದೆ. ಕೆತ್ತಿದವನ ಹೆಸರು ಇಷ್ಟು ಹಿಂದಿನಿಂದ ಉಳಿದುಬಂದಿರುವುದು ಅಪರೂಪ. ಅಲ್ಲಿಂದ ಸ್ವಲ್ಪ ದೂರದ ಗುಡ್ನಾಪುರದಲ್ಲಿ ಕೆರೆಯ ಹತ್ತಿರ ಕದಂಬ ರವಿವರ್ಮನ ಸ್ತಂಭಶಾಸನವಿದೆ. ಅದರಲ್ಲಿ ಕಾಮನ ಆಲಯದ ಮತ್ತು ವಸಂತೋತ್ಸವದ ಪ್ರಸ್ತಾಪವಿದೆ. ನೀವು ಪಾಠ ಮಾಡುವವರಾದ್ದರಿಂದ ಹೇಳಿದೆ. ಗೇರುಸೊಪ್ಪೆಯೇ ಬೇಕೆಂದು ಮನಸ್ಸಿದ್ದರೆ ಅದನ್ನೇ ಮಾಡಿ.

ಉತ್ತರ: ಸಿದ್ದಾಪುರದಿಂದ

ಆಯಿಯ ಆತಂಕಕ್ಕೆ ಕಾರಣ ಬೇರೆಯಿರಬಹುದು, ಆದರೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವ ನಾನು ಹೇಳಬೇಕಾದ ಕಾರಣ ಒಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಕಾಡಂಚಿನಲ್ಲಿಯೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಉಣುಗು. ಮಳೆಗಾಲದ ಉಂಬಳ ಕಾಲಿಗೆ ಹತ್ತಿದರೆ ರಕ್ತ ಕಂಡು ತಿಳಿಯುತ್ತದೆ. ಬೇಸಿಗೆಗೆ ಮುಂಚಿನ ಈ ಉಣುಗಿನ ಮರಿ ಎಳ್ಳಿನ ಕಾಳಿಗಿಂತ ಚಿಕ್ಕದು, ಹತ್ತಿದ್ದೇ ಗೊತ್ತಾಗುವುದಿಲ್ಲ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡ ಕಡೆ ನಿಲ್ಲಬೇಡಿ. ತರಗೆಲೆಯ ಮೇಲೆ ಕೂತು ಊಟ ಮಾಡಬೇಡಿ, ಬಸದಿಯ ಕಲ್ಲುಕಟ್ಟೆ ಸಾಕು. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ವಾರದೊಳಗೆ ಜ್ವರ, ತೀವ್ರ ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪ್ರಶ್ನೆ ಕೇಳಿದವರಿಂದ: ಕುಮಟಾ

ಹೋಗಿ ಬಂದೆ. ನಿಮ್ಮೆಲ್ಲರಿಗೂ ಕೃತಜ್ಞತೆಗಳು, ವಿಶೇಷವಾಗಿ ಎರಡು ಗಂಟೆ ಇಟ್ಟುಕೊಳ್ಳಿ ಎಂದ ಅಣ್ಣನಿಗೆ.

ಆರೂಕಾಲಕ್ಕೆ ಹೊರಟಾಗ ಹೊಳೆಯ ಮೇಲೆ ಇಬ್ಬನಿ ಕವಿದಿತ್ತು. ದಾರಿಬದಿಯ ಅಂಗಳಗಳಲ್ಲಿ ಅಡಕೆ ಹರಡಿದ್ದರು. ಮೂರು ಲಾರಿಗಳಿಗೆ ರಸ್ತೆಯಿಂದ ಕೆಳಗಿಳಿದು ದಾರಿ ಬಿಟ್ಟೆ. ಅದನ್ನು ಬಿಟ್ಟರೆ ತೊಂದರೆಯಾಗಲಿಲ್ಲ.

ಬಸದಿಯಲ್ಲಿ ನಾನೊಬ್ಬಳೇ ಇದ್ದೆ. ಮೊದಲು ಹೊರಗಿನಿಂದ ಒಂದು ಸುತ್ತು ಬಂದೆ. ಮೇಲೆ ಶಿಖರವಿಲ್ಲದ್ದರಿಂದ ಕಟ್ಟಡ ನೆಲಕ್ಕೆ ಕುಳಿತಂತೆ ತೋರಿತು. ಒಂದೊಂದು ಬಾಗಿಲಿನಿಂದಲೂ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಒಂದು ಕಡೆಯಿಂದ ಬಂದ ಬಿಸಿಲು ಒಂದು ಮೂರ್ತಿಯ ಮೊಣಕಾಲನ್ನು ಮುಟ್ಟುತ್ತಿದ್ದಾಗ, ಅದರ ಬೆನ್ನಿಗಿದ್ದ ಮೂರ್ತಿಯ ಮುಖ ಕತ್ತಲಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಮೊದಲು ಕಿವಿಯ ಹಾಲೆ, ಆಮೇಲೆ ತುಟಿ ಕಾಣಿಸಿತು. ಅಷ್ಟು ಹೊತ್ತು ನಿಲ್ಲದಿದ್ದರೆ ಅದು ನನಗೆ ಕಾಣುತ್ತಲೇ ಇರಲಿಲ್ಲ.

ಹೊರಗೆ ಮರವೊಂದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು, ಹಸಿರು ಗೊನೆಗಳು ಕೈಗೆ ಎಟಕುವಷ್ಟು ಕೆಳಗಿದ್ದವು. ಈ ಕಾಳಿಗಾಗಿಯೇ ಪೋರ್ಚುಗೀಸರು ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. 1552ರಿಂದ 1606ರವರೆಗೆ ಆಳಿದಳೆಂದು ತರಗತಿಯಲ್ಲಿ ಹಲಗೆಯ ಮೇಲೆ ಬರೆಯುವಾಗ ಅದು ಬರೀ ಅಂಕಿಯಾಗಿತ್ತು. ಐವತ್ನಾಲ್ಕು ವರ್ಷ ಈ ಬಳ್ಳಿಗಳ ಬೆಳೆ ಎಷ್ಟು ದೋಣಿಗಳಲ್ಲಿ ಇದೇ ಹೊಳೆಯಿಂದ ಹೊನ್ನಾವರಕ್ಕೆ ಇಳಿದಿರಬೇಕೆಂದು ಯೋಚಿಸುತ್ತಾ ಕಲ್ಲುಕಟ್ಟೆಯ ಮೇಲೆ ಕುಳಿತು ಚಿಕ್ಕಮ್ಮ ಕಟ್ಟಿಕೊಟ್ಟ ಅವಲಕ್ಕಿ ತಿಂದೆ.

ಐದಕ್ಕೆ ಮನೆಯಲ್ಲಿದ್ದೆ, ಬಟ್ಟೆ ಬಿಸಿನೀರಿನಲ್ಲಿ ನೆನೆದಿದೆ. ಜನವರಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿದ್ದೇನೆ. ನಲವತ್ತು ಮಕ್ಕಳಿಗೆ ಡೆಪಾ ಎಣ್ಣೆ ಎಲ್ಲಿ ಸಿಗುತ್ತದೆಂದು ಸಿದ್ದಾಪುರದವರು ತಿಳಿಸಿದರೆ ಉಪಕಾರವಾಗುತ್ತದೆ.