ಯುರೇನಿಯಂ ಇರುವ ಕಲ್ಲು-ಮಣ್ಣಿನ ಪ್ರತಿದೀಪ್ತಿ ಅಳೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದ್ದು

ಎಂಎಸ್ಸಿ ಭೂವಿಜ್ಞಾನ, ಕೊನೆಯ ವರ್ಷ. ಯಾದಗಿರಿ ಜಿಲ್ಲೆಯ ಗೋಗಿ ಸುತ್ತಮುತ್ತಲಿನ ಸುಣ್ಣಕಲ್ಲು, ಗ್ರಾನೈಟ್ ಮತ್ತು ಅವುಗಳ ಮೇಲಿನ ಮಣ್ಣಿನ ಮಾದರಿಗಳು ವಿಭಾಗದಲ್ಲಿವೆ. ಅವುಗಳಲ್ಲಿ ಯುರೇನಿಯಂ ಎಷ್ಟಿದೆ ನೋಡಬೇಕು. ಹೋಲಿಕೆಗೆ ಕರಾವಳಿಯ ಜಂಬಿಟ್ಟಿಗೆ ಮಣ್ಣೂ ಸ್ವಲ್ಪ ಇದೆ. ಗೈಡ್ "ಪ್ರತಿದೀಪ್ತಿ ವಿಧಾನದಲ್ಲಿ ಮಾಡು" ಅಂದು ಸುಮ್ಮನಾದರು, ಅಂದರೆ ಬೆಳಕೋ ಕಿರಣವೋ ಬಿದ್ದಾಗ ವಸ್ತು ತಾನೇ ಹೊರಸೂಸುವ ಹೊಳಪನ್ನು ಅಳೆದು. ಆನ್‌ಲೈನಲ್ಲಿ 395 ನ್ಯಾನೊಮೀಟರ್‌ನ ಯುವಿ ಟಾರ್ಚ್ ತರಿಸಿದೆ. ಎಲ್ಲ ಕಲ್ಲೂ ನೇರಳೆಯಾಗಿ ಕಾಣುತ್ತೆ, ಅಷ್ಟೇ. ದ್ರಾವಣದ ಹೊಳಪು ಅಳೆಯುವ ಎಲ್‌ಇಡಿ ಫ್ಲೋರಿಮೀಟರ್ ಒಂದು ಪಕ್ಕದ ಕೆಮಿಸ್ಟ್ರಿ ವಿಭಾಗದಲ್ಲಿದೆ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಬಿಟ್ಟು ಧಾತು ಪತ್ತೆ ಮಾಡುವ ಯಂತ್ರ) ಬೇರೆ ಕಾಲೇಜಲ್ಲಿ ಸಿಗಬಹುದು. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಕ್ಷೇತ್ರ ಭೂವಿಜ್ಞಾನಿ

ಟಾರ್ಚನ್ನು ಸದ್ಯಕ್ಕೆ ಒಳಗಿಡಿ. ಗೋಗಿಯ ಅದಿರಿನಲ್ಲಿರುವುದು ಮುಖ್ಯವಾಗಿ ಕಾಫಿನೈಟ್ ಮತ್ತು ಪಿಚ್‌ಬ್ಲೆಂಡ್ ಎಂಬ ಕಪ್ಪು ಯುರೇನಿಯಂ ಖನಿಜಗಳು. ಅವುಗಳಲ್ಲಿ ಯುರೇನಿಯಂ ನಾಲ್ಕರ ವೇಲೆನ್ಸಿಯಲ್ಲಿದೆ. ಯಾವ ದೀಪ ಹಿಡಿದರೂ ಆ ಕಪ್ಪು ಕಲ್ಲು ಮಿಣುಕ್ ಅನ್ನುವುದಿಲ್ಲ. ಬೆಳಗುವುದು ಆರರ ವೇಲೆನ್ಸಿಗೆ ಏರಿ, ಎರಡು ಆಕ್ಸಿಜನ್ ಜೊತೆಗೂಡಿ ಯುರೇನೈಲ್ ಅಯಾನು ಆದಾಗ. ಅದು ಆಗುವುದು ಗಾಳಿ, ನೀರು ತಗಲುವ ಮೇಲ್ಪದರದಲ್ಲಿ. ಹಾಗಾಗಿ ದೀಪಕ್ಕೆ ಸಿಗುವುದು ಅದಿರಲ್ಲ, ಅದಿರು ಕೊಳೆತು ಹುಟ್ಟಿದ ಹಳದಿ-ಹಸಿರು ಖನಿಜಗಳು.

ಅವುಗಳಲ್ಲೂ ಎಲ್ಲವೂ ಬೆಳಗುವುದಿಲ್ಲ. ಆಟುನೈಟ್ ಕ್ಯಾಲ್ಸಿಯಂ-ಯುರೇನೈಲ್ ಫಾಸ್ಫೇಟ್, ಕತ್ತಲಲ್ಲಿ ಕಣ್ಣು ಕುಕ್ಕುವಷ್ಟು ಹಸಿರು. ಅದೇ ಮನೆತನದ ಟಾರ್ಬರ್ನೈಟಿನಲ್ಲಿ ಕ್ಯಾಲ್ಸಿಯಂ ಜಾಗದಲ್ಲಿ ತಾಮ್ರವಿದೆ. ಹಗಲಲ್ಲಿ ಪಚ್ಚೆಯಂತಿರುತ್ತದೆ, ದೀಪದಡಿ ಸತ್ತುಬಿದ್ದಿರುತ್ತದೆ, ಏಕೆಂದರೆ ತಾಮ್ರ ಆ ಶಕ್ತಿಯನ್ನೆಲ್ಲ ನುಂಗಿಬಿಡುತ್ತದೆ. ಕಾರ್ನೊಟೈಟ್ ಕೂಡ ಅಷ್ಟೇ, ಹಳದಿ ಪುಡಿ ಚೆಂದ, ಬೆಳಕು ಸೊನ್ನೆ. ಇನ್ನೊಂದು ಕಡೆ ಹಯಲೈಟ್ ಓಪಲ್ ಅಂತಿದೆ. ಅದರಲ್ಲಿ ಯುರೇನೈಲ್ ಇರುವುದು ಅತ್ಯಲ್ಪ, ಆದರೆ 254 ನ್ಯಾನೊಮೀಟರ್ ದೀಪದಡಿ ಬೀದಿದೀಪದ ಹಾಗೆ ಉರಿಯುತ್ತದೆ. ಹೊಳಪು ನೋಡಿ ಪ್ರಮಾಣ ಹೇಳುವ ಆಸೆ ಇದ್ದರೆ ಇಲ್ಲಿಗೇ ಬಿಡಿ.

ಯುರೇನಿಯಂ ಇಲ್ಲದೆ ಹೊಳೆಯುವುದು ಬೇಕಾದಷ್ಟಿದೆ. ನಿಮ್ಮ ಸುಣ್ಣಕಲ್ಲಿನ ಕ್ಯಾಲ್ಸೈಟ್ ಬಿಳಿ, ಕೇಸರಿ, ಏನು ಬೇಕಾದರೂ ಆಗಬಹುದು. ಕೋಲಾರದ ಕಡೆಯ ಶೀಲೈಟ್ ನೀಲಿ-ಬಿಳಿ. ಕಲ್ಲಿಗಂಟಿದ ಕಲ್ಲುಹೂವು, ಡಿಟರ್ಜೆಂಟಲ್ಲಿ ಒಗೆದ ಅಂಗಿಯ ಎಳೆ, ಮಾದರಿ ಚೀಲದ ಬಿಳಿ ಚೀಟಿ, ಎಲ್ಲವೂ ಹೊಳೆಯುತ್ತವೆ. ಚೇಳೂ ಹೊಳೆಯುತ್ತದೆ. ರಾತ್ರಿ ಫೀಲ್ಡಲ್ಲಿ ಹಸಿರಾಗಿ ಮಿನುಗಿದ್ದಕ್ಕೆ ಕೈ ಹಾಕುವ ಮುಂಚೆ ಅದಕ್ಕೆ ಕಾಲಿದೆಯಾ ನೋಡಿ.

ದೀಪವೇ ಬೇಕಿದ್ದರೆ 365 ನ್ಯಾನೊಮೀಟರ್, ಮುಂದೆ ಕಪ್ಪು ಫಿಲ್ಟರ್ ಗಾಜಿರುವುದು. 395ರದ್ದು ಕಣ್ಣಿಗೆ ಕಾಣುವ ನೇರಳೆಯನ್ನೇ ಚೆಲ್ಲುತ್ತದೆ, ಮಂದವಾದ ಹಸಿರು ಅದರಲ್ಲಿ ಮುಳುಗಿಹೋಗುತ್ತದೆ. ಜೊತೆಗೆ ಒಂದು ಗೈಗರ್ ಕೌಂಟರ್ ಇಟ್ಟುಕೊಳ್ಳಿ. ಹೊಳೆದದ್ದು ಎಣಿಕೆಯನ್ನೂ ಏರಿಸಿದರೆ ಮಾತ್ರ ಚೀಲಕ್ಕೆ. ಹೊಳೆಯದೆ ಎಣಿಕೆ ಏರಿದರೂ ಚೀಲಕ್ಕೆ, ಗೋಗಿ ಕಡೆ ನಿಮಗೆ ಸಿಗುವುದು ಇದೇ ಹೆಚ್ಚು.

ನೀರು-ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇರುವವಳು

ಮೇಲಿನವರು ಹೇಳಿದ ತೊಡಕಿಗೆ ಲ್ಯಾಬಲ್ಲಿ ದಾರಿ ಇದೆ. ಕಲ್ಲನ್ನು ಪೂರ್ತಿ ಕರಗಿಸಿಬಿಟ್ಟರೆ ನೈಟ್ರಿಕ್ ಆಮ್ಲ ಎಲ್ಲ ಯುರೇನಿಯಮನ್ನೂ ಆರಕ್ಕೆ ಏರಿಸುತ್ತದೆ. ಆಮೇಲೆ ಕಪ್ಪು ಅದಿರಿಗೂ ಹಳದಿ ಪುಡಿಗೂ ಭೇದವಿಲ್ಲ.

ಗ್ರಾನೈಟ್ ಮತ್ತು ಮಣ್ಣಿಗೆ ಹೈಡ್ರೊಫ್ಲೋರಿಕ್, ನೈಟ್ರಿಕ್, ಪರ್‌ಕ್ಲೋರಿಕ್ ಆಮ್ಲಗಳ ಮಿಶ್ರಣ, ಟೆಫ್ಲಾನ್ ಪಾತ್ರೆಯಲ್ಲಿ. ಸುಣ್ಣಕಲ್ಲಿಗೆ ಮೊದಲು ದುರ್ಬಲ ನೈಟ್ರಿಕ್, ನಿಧಾನಕ್ಕೆ, ಇಲ್ಲವಾದರೆ ನೊರೆಯೊಟ್ಟಿಗೆ ಮಾದರಿಯೂ ಉಕ್ಕಿ ಹೋಗುತ್ತೆ. ಹೈಡ್ರೊಫ್ಲೋರಿಕ್ ಮುಟ್ಟುವುದು ಪರ್‌ಕ್ಲೋರಿಕ್‌ಗೆ ತಕ್ಕ, ಆವಿ ಹೀರುವ ಹುಡ್ ಇದ್ದರೆ, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇದ್ದರೆ, ಅನುಭವಸ್ಥರೊಬ್ಬರು ನಿಂತಿದ್ದರೆ ಮಾತ್ರ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೇಡ, ಲಿಥಿಯಂ ಬೋರೇಟ್ ಜೊತೆ ಕಾಯಿಸಿ ಕರಗಿಸುವ ದಾರಿ ಹಿಡಿಯಿರಿ. ಜಿರ್ಕಾನ್, ಮೊನಜೈಟ್‌ನಂಥ ಗಟ್ಟಿ ಖನಿಜ ಇದ್ದರೆ ಅದೇ ಒಳ್ಳೆಯದು ಕೂಡ. ಅವು ಆಮ್ಲಕ್ಕೆ ಸುಲಭಕ್ಕೆ ಜಗ್ಗುವುದಿಲ್ಲ, ಅವುಗಳೊಳಗಿನ ಯುರೇನಿಯಂ ತಳದಲ್ಲೇ ಕೂತಿರುತ್ತದೆ.

ಕೊನೆಯಲ್ಲಿ ಹೈಡ್ರೊಕ್ಲೋರಿಕ್ ಉಳಿಸಬೇಡಿ. ಕ್ಲೋರೈಡ್ ಯುರೇನೈಲಿನ ಬೆಳಕನ್ನು ಆರಿಸುತ್ತದೆ. ಒಣಗುವವರೆಗೆ ಆವಿ ಮಾಡಿ, ನೈಟ್ರಿಕ್‌ನಲ್ಲಿ ಎತ್ತಿಕೊಳ್ಳಿ.

ಫ್ಲೋರಿಮೀಟರಿಗೆ ಹಾಕುವ ಮುಂಚೆ ಸೋಡಿಯಂ ಪೈರೊಫಾಸ್ಫೇಟ್ ಬಫರ್ (ಪಿಎಚ್ ಹೆಚ್ಚುಕಡಿಮೆ ಸ್ಥಿರವಾಗಿಡುವ ದ್ರಾವಣ) ಸೇರಿಸಿ, ಶೇ. 5ರದ್ದು, ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 7ಕ್ಕೆ ತಂದದ್ದು. ಅದು ಯುರೇನೈಲನ್ನು ಸುತ್ತುವರಿದು, ಬೇರೆ ಬೇರೆ ರೂಪದಲ್ಲಿದ್ದದ್ದನ್ನು ಒಂದೇ ರೂಪಕ್ಕೆ ತಂದು, ಬೆಳಕನ್ನೂ ಹೆಚ್ಚಿಸುತ್ತದೆ. ಆ ಹೊಳಪಿನ ಆಯುಸ್ಸೂ ಹೆಚ್ಚುತ್ತದೆ. ಮಣ್ಣಿನ ಸಾವಯವ ವಸ್ತುವಿನ ಹೊಳಪು ನ್ಯಾನೊಸೆಕೆಂಡುಗಳಲ್ಲಿ ಆರಿಹೋಗುತ್ತೆ, ಪೈರೊಫಾಸ್ಫೇಟಿನೊಳಗಿನ ಯುರೇನೈಲ್ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಉರಿಯುತ್ತಿರುತ್ತದೆ. ಯಂತ್ರ ಬೆಳಕಿನ ಮಿಡಿತ ಕೊಟ್ಟು, ಕ್ಷಣ ಕಾದು, ಆಮೇಲೆ ಅಳೆಯುವುದು ಅದಕ್ಕೇ. ಸುಣ್ಣಕಲ್ಲಿನ ದ್ರಾವಣಕ್ಕೆ ಬಫರ್ ಹಾಕಿದಾಗ ಮಬ್ಬಾದರೆ ಅದು ಕ್ಯಾಲ್ಸಿಯಂ ಕೆಳಗಿಳಿಯುತ್ತಿರುವುದು. ಮತ್ತಷ್ಟು ನೀರು ಬೆರೆಸಿ ಹೊಸದಾಗಿ ಮಾಡಿ.

ಈಗ ಮುಖ್ಯ ಮಾತು. ಒಂದು ಸ್ಟ್ಯಾಂಡರ್ಡ್ ರೇಖೆ ಎಳೆದು ಎಲ್ಲ ಮಾದರಿಯನ್ನೂ ಅದರ ಮೇಲೆ ಓದಬೇಡಿ. ಪ್ರತಿ ಮಾದರಿಯಲ್ಲೂ ಕಬ್ಬಿಣ, ಮ್ಯಾಂಗನೀಸ್ ಬೇರೆ ಬೇರೆ, ಬೆಳಕು ಕುಗ್ಗುವುದೂ ಬೇರೆ ಬೇರೆ. ಗೊತ್ತಿರುವ ಯುರೇನಿಯಮನ್ನು ಅದೇ ಮಾದರಿಗೆ ಸೇರಿಸಿ ಏರಿಕೆ ನೋಡಿ. ಲೆಕ್ಕ ಹೀಗೆ: 0.25 ಗ್ರಾಂ ಪುಡಿ ಕರಗಿಸಿ 100 ಮಿಲಿ ಮಾಡಿದಿರಿ ಅಂದುಕೊಳ್ಳಿ. ಅದರಲ್ಲಿ 6 ಮಿಲಿ ತೆಗೆದು, ಬಫರ್ ಸೇರಿಸಿ ಓದಿದಾಗ, ಖಾಲಿ ದ್ರಾವಣದ (ಮಾದರಿ ಹಾಕದೆ ಹಾಗೇ ಮಾಡಿದ್ದರ) ಓದನ್ನು ಕಳೆದು 120 ಬಂತು. 1000 ಪಿಪಿಬಿ (ಮಿಲಿಗೆ 1000 ನ್ಯಾನೊಗ್ರಾಂ) ಯುರೇನಿಯಂ ದ್ರಾವಣ 0.06 ಮಿಲಿ ಹಾಕಿದಿರಿ, ಅಂದರೆ 60 ನ್ಯಾನೊಗ್ರಾಂ, 6 ಮಿಲಿಗೆ 10 ಪಿಪಿಬಿ ಸೇರಿತು. ಓದು 200 ಆಯಿತು. 10 ಪಿಪಿಬಿಗೆ 80 ಏರಿದರೆ 120ಕ್ಕೆ 15 ಪಿಪಿಬಿ. 100 ಮಿಲಿಯಲ್ಲಿ 1500 ನ್ಯಾನೊಗ್ರಾಂ, ಅದು ಬಂದದ್ದು 0.25 ಗ್ರಾಂ ಕಲ್ಲಿನಿಂದ, ಅಂದರೆ ಕಲ್ಲಿನಲ್ಲಿ 6 ಪಿಪಿಎಂ (ಗ್ರಾಂಗೆ 6 ಮೈಕ್ರೊಗ್ರಾಂ). ಗ್ರಾನೈಟಿಗೆ ಇದು ಬೆಚ್ಚಿಬೀಳುವ ಸಂಖ್ಯೆ ಅಲ್ಲ, ಭೂಮಿಯ ಮೇಲ್ಪದರದ ಸರಾಸರಿಯೇ ಸುಮಾರು 2.7 ಪಿಪಿಎಂ, ಗ್ರಾನೈಟಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಸೇರಿಸಿದ್ದಕ್ಕೆ ಓದು ಏರದೇ ಇದ್ದರೆ ಮಾದರಿಯಲ್ಲಿ ಯುರೇನಿಯಂ ಇಲ್ಲ ಅಂತಲ್ಲ, ಬೆಳಕನ್ನು ಯಾರೋ ತಿನ್ನುತ್ತಿದ್ದಾರೆ ಅಂತ.

ಎಸಿ ಇದ್ದರೆ ಹಾಕಿಕೊಂಡೇ ಮಾಡಿ. ದ್ರಾವಣ ಬಿಸಿಯಾದರೆ ಹೊಳಪು ಇಳಿಯುತ್ತೆ. ಬೆಳಿಗ್ಗೆಯ ಓದನ್ನು ಏಪ್ರಿಲ್ ಮಧ್ಯಾಹ್ನದ ಓದಿಗೆ ಹೋಲಿಸಿ ಕೂರಬೇಡಿ.

ಎಕ್ಸ್‌ಆರ್‌ಎಫ್ ಹಿಡಿದು ಹೊಟ್ಟೆ ಹೊರೆಯುವವನು

ಎಕ್ಸ್‌ಆರ್‌ಎಫ್ ಕೂಡ ಪ್ರತಿದೀಪ್ತಿಯೇ, ಆದರೆ ಕಥೆ ಬೇರೆ. ಇಲ್ಲಿ ಎಕ್ಸ್-ಕಿರಣ ಒಳಪದರದ ಎಲೆಕ್ಟ್ರಾನನ್ನು ಒದ್ದೋಡಿಸುತ್ತದೆ. ವೇಲೆನ್ಸಿ ಎಷ್ಟು, ತಾಮ್ರ ಇದೆಯೋ ಇಲ್ಲವೋ ಅನ್ನುವ ತಲೆನೋವಿಲ್ಲ. ಕಾಫಿನೈಟೂ ಕಾಣುತ್ತದೆ, ಟಾರ್ಬರ್ನೈಟೂ ಕಾಣುತ್ತದೆ.

ಹಾಗಂತ ಪರದೆಯ ಮೇಲಿನ ಸಂಖ್ಯೆ ನೇರ ಬರೆದುಕೊಳ್ಳಬೇಡಿ. ಪ್ರತಿ ಧಾತು ತನ್ನದೇ ಶಕ್ತಿಯ ಎಕ್ಸ್-ಕಿರಣ ರೇಖೆಗಳನ್ನು ಸೂಸುತ್ತದೆ. ಯುರೇನಿಯಂನ ಎಲ್-ಆಲ್ಫಾ ರೇಖೆ 13.6 ಕೆಇವಿ (ಶಕ್ತಿಯ ಅಳತೆ), ರುಬಿಡಿಯಂನ ಕೆ-ಆಲ್ಫಾ 13.4. ಕೈಯಂತ್ರದ ಡಿಟೆಕ್ಟರಿಗೆ ಇವೆರಡೂ ಒಂದರ ಹೆಗಲ ಮೇಲೊಂದು. ಪೊಟ್ಯಾಶ್ ಫೆಲ್ಡ್‌ಸ್ಪಾರ್, ಮೈಕಾ ಹೆಚ್ಚಿರುವ ಗ್ರಾನೈಟಲ್ಲಿ ರುಬಿಡಿಯಂ ನೂರಾರು ಪಿಪಿಎಂ ಇರಬಹುದು, ಯುರೇನಿಯಂ ನಾಲ್ಕೈದು. ಯಂತ್ರ ಕಳೆಯುವಾಗ ಸ್ವಲ್ಪ ಎಡವಿದರೆ ನಿಮ್ಮ ಯುರೇನಿಯಂ ಅನ್ನೋದು ರುಬಿಡಿಯಂನ ನೆರಳು. ಪರೀಕ್ಷೆ ಸುಲಭ: ಎಲ್ಲ ಮಾದರಿಗಳ ಯುರೇನಿಯಂ ಮತ್ತು ರುಬಿಡಿಯಂ ಗ್ರಾಫ್ ಹಾಕಿ. ಎರಡೂ ಕೈಹಿಡಿದು ಏರಿದರೆ ಅನುಮಾನ ಪಡಿ, ಸ್ಪೆಕ್ಟ್ರಮ್ ತೆಗೆಸಿ 17.2 ಕೆಇವಿ ಹತ್ತಿರದ ಎಲ್-ಬೀಟಾ ಇದೆಯಾ ನೋಡಿ. ಅಲ್ಲಿ ಮಾಲಿಬ್ಡಿನಂ ಕಾಟ ಇದೆ, ಆದರೆ ಮಾಮೂಲಿ ಗ್ರಾನೈಟಲ್ಲಿ ಅದು ಕಮ್ಮಿ.

ಮಣ್ಣನ್ನು ಒಣಗಿಸಿ, ನುಣ್ಣಗೆ ಪುಡಿಮಾಡಿ, ಒತ್ತಿ ಬಿಲ್ಲೆ ಮಾಡಿ. ಒದ್ದೆ ಮಣ್ಣು ಯಾವಾಗಲೂ ಕಮ್ಮಿ ತೋರಿಸುತ್ತೆ. ನನ್ನ ಅಭಿಪ್ರಾಯ: ಹತ್ತಾರು ಪಿಪಿಎಂ ಮೇಲಿದ್ದರೆ ಎಕ್ಸ್‌ಆರ್‌ಎಫ್ ನಂಬಿ. ಅದಕ್ಕೂ ಕೆಳಗೆ ಲ್ಯಾಬಿನವರ ದಾರಿಯೇ ಸರಿ.

ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಕನ್ನಡಿಗ

ಇಲ್ಲಿನ ಯೊಹಾನ್‌ಗೆಯೊರ್ಗೆನ್‌ಸ್ಟಾಟ್ ಗಣಿಯ ಪಿಚ್‌ಬ್ಲೆಂಡ್ ಇಟ್ಟುಕೊಂಡೇ ಕ್ಲಾಪ್ರೋಟ್ 1789ರಲ್ಲಿ ಯುರೇನಿಯಂ ಕಂಡುಹಿಡಿದದ್ದು. ಹವ್ಯಾಸಿಗಳಿಗೆ ಈ ಸೀಮೆ ಹಬ್ಬ.

ದೀಪ ಪೂರ್ತಿ ದಂಡ ಅಂತ ನಾನು ಒಪ್ಪಲ್ಲ. ಹೊಳಪಿನ ಬಣ್ಣ ನೋಡಬೇಡಿ, ಸ್ಪೆಕ್ಟ್ರಮ್ ನೋಡಿ. ಯುರೇನೈಲಿನ ಹಸಿರು ಒಂದೇ ಗುಡ್ಡವಲ್ಲ, ಸುಮಾರು 500, 520, 545, 570 ನ್ಯಾನೊಮೀಟರ್ ಹತ್ತಿರ ಸಾಲಾಗಿ ಏಳುವ ಶಿಖರಗಳು. ಖನಿಜಕ್ಕೆ ತಕ್ಕಂತೆ ಆಚೀಚೆ ಸರಿಯುತ್ತವೆ, ಆದರೆ ನಡುವಿನ ಅಂತರ ಹೆಚ್ಚುಕಡಿಮೆ ಸಮ. ಯುರೇನಿಯಂ-ಆಕ್ಸಿಜನ್ ಬಂಧದ ಕಂಪನವೇ ಆ ಅಂತರ. ಮ್ಯಾಂಗನೀಸಿನಿಂದ ಹಸಿರಾಗುವ ವಿಲ್ಲೆಮೈಟ್ ಕಣ್ಣಿಗೆ ಥೇಟ್ ಹಾಗೇ, ಸ್ಪೆಕ್ಟ್ರಮ್‌ನಲ್ಲಿ ಮಾತ್ರ ಒಂದೇ ಅಗಲ ಗುಡ್ಡ. ಚಿಕ್ಕ ಯುಎಸ್‌ಬಿ ಸ್ಪೆಕ್ಟ್ರೊಮೀಟರ್, 405 ನ್ಯಾನೊಮೀಟರ್ ಬೆಳಕು, ಸ್ಪೆಕ್ಟ್ರೊಮೀಟರಿನ ಮುಂದೊಂದು 450ರ ಲಾಂಗ್‌ಪಾಸ್ ಫಿಲ್ಟರ್ (450ಕ್ಕಿಂತ ಉದ್ದದ ಅಲೆಯನ್ನಷ್ಟೇ ಬಿಡುವ ಗಾಜು) ಇದ್ದರೆ ಸಾಕು. ಪ್ರಮಾಣ ಸಿಗಲ್ಲ, ಗುರುತು ಸಿಗುತ್ತದೆ.

ಒಬ್ಬ ಅಧ್ಯಾಪಕಿ

ಚಿಕ್ಕದಾಗಿ ಎರಡು ಮಾತು. ಯುರೇನಿಯಂ ಖನಿಜಗಳು ಗಣಿ ಮತ್ತು ಖನಿಜ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅಣು ಖನಿಜಗಳ ಪಟ್ಟಿಯಲ್ಲಿವೆ. ಹೊಸ ಮಾದರಿ ಬೇಕಾದರೆ ನೀವೇ ಗುದ್ದಲಿ ಹಿಡಿದು ಹೊರಡಬೇಡಿ, ವಿಭಾಗದ ಮೂಲಕ ಅಣು ಖನಿಜ ನಿರ್ದೇಶನಾಲಯಕ್ಕೆ ಬರೆಯಿರಿ. ಪುಡಿ ಮಾಡುವುದು ಹುಡ್ ಒಳಗೆ, ಮಾಸ್ಕ್ ಹಾಕಿ. ಕಲ್ಲು ಕೈಯಲ್ಲಿ ಹಿಡಿದರೆ ಏನೂ ಆಗಲ್ಲ, ಧೂಳು ಒಳಗೆ ಹೋಗಬಾರದು. ಹಾಸ್ಟೆಲ್ ಮಂಚದಡಿ ಇಡುವ ಯೋಚನೆಯಂತೂ ಬೇಡವೇ ಬೇಡ, ರೇಡಾನ್ ಎಂಬ ವಿಕಿರಣಶೀಲ ಅನಿಲ ಬರುತ್ತಿರುತ್ತದೆ. 254ರ ದೀಪಕ್ಕೆ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಜಂಬಿಟ್ಟಿಗೆ ಮಣ್ಣಿನ ದ್ರಾವಣ ಚಹಾ ಬಣ್ಣ ಬಂದಿದೆ. ಯುರೇನಿಯಂ ಸೇರಿಸಿದರೂ ಓದು ಅಲ್ಲಾಡಲ್ಲ. ಏನು ಮಾಡಲಿ?

ಲ್ಯಾಬಿನವಳು

ಅದು ಕಬ್ಬಿಣ. ಜಂಬಿಟ್ಟಿಗೆಯಲ್ಲಿ ಇದು ಆಗಲೇಬೇಕು. ಎಲ್‌ಇಡಿಯ ಬೆಳಕನ್ನು ಒಳಬರುವಾಗಲೇ ಹೀರುತ್ತೆ, ಯುರೇನೈಲಿನ ಬೆಳಕನ್ನೂ ಕುಗ್ಗಿಸುತ್ತೆ. ಮೊದಲು ಹತ್ತು ಪಟ್ಟು ನೀರು ಬೆರೆಸಿ ನೋಡಿ, ಆಮೇಲೆ ಇಪ್ಪತ್ತು. ಯುರೇನಿಯಂ ಕಮ್ಮಿಯಾಗುವ ವೇಗಕ್ಕಿಂತ ತೊಂದರೆ ಕಮ್ಮಿಯಾಗುವ ವೇಗ ಹೆಚ್ಚು, ಎಷ್ಟೋ ಸಲ ದುರ್ಬಲಗೊಳಿಸಿದಾಗ ಓದು ಏರಿಯೇ ಬಿಡುತ್ತದೆ. ಎರಡು ಬೇರೆ ಬೇರೆ ದುರ್ಬಲತೆಯಲ್ಲಿ ಲೆಕ್ಕ ಹಾಕಿ, ಉತ್ತರ ಒಂದೇ ಬಂದರೆ ಬರೆದುಕೊಳ್ಳಿ.

ಅದೂ ಆಗದಿದ್ದರೆ ಯುರೇನಿಯಮನ್ನೇ ಕಬ್ಬಿಣದಿಂದ ಹೊರಗೆಳೆಯಬೇಕು. ದ್ರಾವಣಕ್ಕೆ ಅಲ್ಯೂಮಿನಿಯಂ ನೈಟ್ರೇಟ್ ದಟ್ಟವಾಗಿ ಬೆರೆಸಿ ಈಥೈಲ್ ಅಸಿಟೇಟ್ ಜೊತೆ ಕುಲುಕಿದರೆ ಯುರೇನಿಯಂ ಮೇಲಿನ ಪದರಕ್ಕೆ ಹೋಗುತ್ತದೆ, ಕಬ್ಬಿಣದ ಬಹುಪಾಲು ಕೆಳಗೇ ಉಳಿಯುತ್ತದೆ. ಸೋಡಿಯಂ ಫ್ಲೋರೈಡ್ ಬಿಲ್ಲೆ ಕರಗಿಸಿ ಅಳೆಯುತ್ತಿದ್ದ ಕಾಲದ ಹಳೆಯ ಉಪಾಯ, ಈಗಲೂ ನಡೆಯುತ್ತೆ. ಆಮೇಲೆ ಆ ಪದರವನ್ನು ನೀರಿಗೆ ಮರಳಿ ತಂದು, ಬಫರ್ ಹಾಕಿ ಓದಿ. ಖಾಲಿ ದ್ರಾವಣವನ್ನೂ ಇದೇ ದಾರಿಯಲ್ಲಿ ಪೂರ್ತಿ ನಡೆಸಿ, ಅಲ್ಯೂಮಿನಿಯಂ ನೈಟ್ರೇಟ್ ಬಾಟಲಿಯಲ್ಲೇ ಯುರೇನಿಯಂ ಸ್ವಲ್ಪ ಇರಬಹುದು. ನಾಲ್ಕಾರು ಮಾದರಿಗಳನ್ನು ಐಸಿಪಿ-ಎಂಎಸ್‌ಗೆ (ಹೊಳಪಿನ ಬದಲು ಅಯಾನುಗಳ ದ್ರವ್ಯರಾಶಿ ನೋಡಿ ಧಾತು ಅಳೆಯುವ ಯಂತ್ರ) ಕಳಿಸಿ ತಾಳೆ ನೋಡಿ, ಅದರಲ್ಲಿ ಜಂಬಿಟ್ಟಿಗೆಯದ್ದು ಒಂದಾದರೂ ಇರಲಿ.