ಕಣಗಿಲೆ ಹೂ ಅಗಿದ ನಾಯಿಮರಿ: ಪಶುವೈದ್ಯರಿಗೆ ಕೇಳಿ

ಪ್ರಶ್ನೆ (ಗಿರಿನಗರದಿಂದ): ನಮಸ್ಕಾರ ಡಾಕ್ಟ್ರೇ. ನಮ್ಮನೆ ಕಾಂಪೌಂಡ್ ಪಕ್ಕ ಗುಲಾಬಿ ಬಣ್ಣದ ಕಣಗಿಲೆ ಗಿಡ ಇದೆ. ಅತ್ತೆ ದಿನಾ ಪೂಜೆಗೆ ಅದರ ಹೂವನ್ನೇ ಕೀಳುತ್ತಾರೆ. ಹೋದ ತಿಂಗಳು ಒಂದು ನಾಟಿ ನಾಯಿಮರಿ ತಂದೆವು. ನಾಲ್ಕು ತಿಂಗಳಿನದು, ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತೆ. ಇವತ್ತು ಮಧ್ಯಾಹ್ನ ಕೆಳಗೆ ಬಿದ್ದ ಹೂ ಒಂದೆರಡು ಅಗಿದು ಉಗುಳಿತು. ಒಂದು ಸಲ ವಾಂತಿ ಮಾಡಿಕೊಂಡಿತು. ಈಗ ಆಟ ಆಡ್ತಿದೆ. ಎಲೆ ಮಾತ್ರ ವಿಷ, ಹೂ ಏನೂ ಮಾಡಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? ಗಿಡ ಕಡಿಸಬೇಕಾ?

ಉತ್ತರ: ನಮಸ್ಕಾರ. ಗಿಡದ ಮಾತು ಆಮೇಲೆ. ಇದನ್ನು ಓದಿದ ಕೂಡಲೇ ಮರಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೊರಡಿ. ಇಸಿಜಿ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಗಿಡದ ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಅಗಿದಿದ್ದು, ಎಷ್ಟು ಹೊತ್ತಿಗೆ ವಾಂತಿ ಆಗಿದ್ದು ಅಂತ ಬರೆದುಕೊಳ್ಳಿ. ವಾಂತಿ ಆಗಿದೆ ಅಂದರೆ ಉಗುಳಿದರೂ ಸ್ವಲ್ಪ ಒಳಗೆ ಹೋಗಿದೆ ಅಂತಲೇ ನಾನು ತಿಳಿಯುತ್ತೇನೆ. ಈಗ ಆಡ್ತಿದೆಯಲ್ಲ ಅಂತ ಸುಮ್ನೆ ಕೂರಬೇಡಿ.

ಕಣಗಿಲೆಯಲ್ಲಿ ಎಲೆ, ಹೂ, ತೊಗಟೆ, ಬೇರು, ಬೀಜ ಎಲ್ಲವೂ ವಿಷ. ಟೊಂಗೆ ಇಟ್ಟ ನೀರೂ ಕುಡಿಯುವ ಹಾಗಿಲ್ಲ. ಅದರಲ್ಲಿರುವ ಓಲಿಯಾಂಡ್ರಿನ್ ಅನ್ನುವ ಅಂಶ ನೇರವಾಗಿ ಹೃದಯಕ್ಕೆ ಪೆಟ್ಟು ಕೊಡುತ್ತೆ. ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಮಾತ್ರೆ ಕೂಡ ಇದೇ ಜಾತಿಯ ಮದ್ದು. ಜೀವಕೋಶಗಳಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಒಂದು ವ್ಯವಸ್ಥೆ ಇದೆ. ಈ ವಿಷ ಅದನ್ನು ತಡೆಯುತ್ತೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಹೃದಯದ ಬಡಿತ ಲಯ ತಪ್ಪುತ್ತೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಜೊಲ್ಲು, ವಾಂತಿ, ಭೇದಿ ಶುರುವಾಗುತ್ತೆ. ಆಮೇಲೆ ನಾಯಿ ಮಂಕಾಗುತ್ತೆ, ನಡೆಯುವಾಗ ಕಾಲು ತಡವರಿಸುತ್ತೆ, ಬಡಿತ ತೀರಾ ನಿಧಾನ ಆಗಬಹುದು ಅಥವಾ ಅಡ್ಡಾದಿಡ್ಡಿ ಆಗಬಹುದು. ಜೀವ ಹೋಗುವುದೂ ಉಂಟು. ಮರಿಯ ಮೈ ಚಿಕ್ಕದು, ಹಾಗಾಗಿ ಸ್ವಲ್ಪ ತಿಂದರೂ ಅದಕ್ಕೆ ಜಾಸ್ತಿಯೇ.

ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಾರೆ. ತಿಂದು ಒಂದೆರಡು ಗಂಟೆಯೊಳಗಾದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ವಿಷ ಹೀರಲು ಇದ್ದಿಲ ಪುಡಿ, ಅಂದರೆ ಆಕ್ಟಿವೇಟೆಡ್ ಚಾರ್ಕೋಲ್ ಕುಡಿಸಬಹುದು. ಬಡಿತ ನಿಧಾನ ಆದರೆ ಅಟ್ರೋಪಿನ್, ಜೊತೆಗೆ ಡ್ರಿಪ್. ಒಂದು ರಾತ್ರಿ ಇಟ್ಟುಕೊಳ್ಳುತ್ತೇವೆ ಅಂದರೆ ಬೇಡ ಅನ್ನಬೇಡಿ, ಲಯ ತಪ್ಪುವುದು ತಡವಾಗಿಯೂ ಆಗಬಹುದು.

ಇನ್ನು ಗಿಡ. ಹಸಿ ಎಲೆ ತುಂಬ ಕಹಿ, ನಾಯಿಗಳು ಸಾಮಾನ್ಯವಾಗಿ ಒಂದು ಸಲ ಕಚ್ಚಿ ಬಿಟ್ಟುಬಿಡುತ್ತವೆ. ನನಗೆ ಹೆಚ್ಚು ಭಯ ಒಣಗಿದ್ದರ ಮೇಲೆ. ಒಣಗಿದರೆ ಕಹಿ ಕಡಿಮೆ ಆಗುತ್ತೆ, ವಿಷ ಹಾಗೇ ಇರುತ್ತೆ. ಪೂಜೆಯ ನಿರ್ಮಾಲ್ಯವನ್ನು ತುಳಸಿ ಕಟ್ಟೆ ಪಕ್ಕವೋ ತೆಂಗಿನ ಬುಡಕ್ಕೋ ಹಾಕುತ್ತೀರಲ್ಲ, ಅಲ್ಲಿ ಬಾಡಿ ಕಂದು ಬಣ್ಣಕ್ಕೆ ತಿರುಗಿದ ಹೂ ಕುಂಕುಮ, ಅಕ್ಷತೆ, ಬಾಳೆಹಣ್ಣಿನ ಸಿಪ್ಪೆಯ ಜೊತೆ ಬಿದ್ದಿರುತ್ತೆ. ಸಿಪ್ಪೆಯ ವಾಸನೆಗೆ ಮರಿ ಹೋಗುತ್ತೆ, ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತೆ.

ಮರಿಯನ್ನು ಹಗಲೆಲ್ಲ ಅಂಗಳದಲ್ಲಿ ಒಂಟಿಯಾಗಿ ಬಿಡುವುದಾದರೆ ಗಿಡ ತೆಗೆಸಿ ಅಂತಲೇ ಹೇಳುತ್ತೇನೆ. ಅತ್ತೆಯವರಿಗೆ ಮನಸ್ಸಿಲ್ಲದಿದ್ದರೆ ಸುತ್ತ ಮೆಶ್ ಕಟ್ಟಿಸಿ, ಬೆಳಿಗ್ಗೆ ಮರಿ ಹೊರಗೆ ಬರುವ ಮುಂಚೆ ಬಿದ್ದದ್ದನ್ನೆಲ್ಲ ಗುಡಿಸಿ, ನಿರ್ಮಾಲ್ಯಕ್ಕೆ ಮುಚ್ಚಳ ಇರುವ ಬಕೆಟ್ ಇಡಿ. ಮಲ್ಲಿಗೆ, ಗುಲಾಬಿ ನಾಯಿಗೆ ವಿಷವಲ್ಲ. ದಾಸವಾಳ ಜಾಸ್ತಿ ತಿಂದರೆ ಹೊಟ್ಟೆ ಕೆಡಬಹುದು, ಅಷ್ಟೇ. ಪೂಜೆಗೆ ಇವೂ ಆಗುತ್ತವೆ ಅಲ್ವಾ?

ಪ್ರಶ್ನೆ (ವಿಜಯನಗರದಿಂದ): ಸರ್, ಇಂಥ ಹೊತ್ತಲ್ಲಿ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬಹುದಲ್ಲ? ನಮ್ಮ ಕಡೆ ಹಾಲನ್ನೂ ಕುಡಿಸುತ್ತಾರೆ.

ಉತ್ತರ: ದಯವಿಟ್ಟು ಬೇಡ. ಉಪ್ಪು ಜಾಸ್ತಿಯಾಗಿ ನಾಯಿಗೆ ಫಿಟ್ಸ್ ಬರುತ್ತೆ, ಸತ್ತೇ ಹೋಗಬಹುದು. ಹಾಲು ಈ ವಿಷವನ್ನು ಇಳಿಸುವುದಿಲ್ಲ. ಮಂಕಾಗಿರುವ ನಾಯಿಗೆ ಬಾಯಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಆ ಹೊತ್ತಿನಲ್ಲಿ ಗಾಡಿ ಹತ್ತಿ.

ಪ್ರಶ್ನೆ (ಜೆ.ಪಿ. ನಗರದಿಂದ): ಮೇಲಿನದನ್ನು ಓದಿ ಗಾಬರಿಯಾಯ್ತು. ನಮ್ಮ ಬಾಲ್ಕನಿ ತುಂಬ ನಿತ್ಯಪುಷ್ಪದ ಕುಂಡಗಳಿವೆ. ಅದಕ್ಕೂ ಕಾಶಿ ಕಣಗಿಲೆ ಅಂತಾರಲ್ಲ, ಅದೂ ಹೀಗೇನಾ?

ಉತ್ತರ: ಎರಡೂ ಒಂದೇ ಕುಟುಂಬದ ಗಿಡಗಳು, ಆದರೆ ವಿಷ ಬೇರೆ. ನಿತ್ಯಪುಷ್ಪ ಕಣಗಿಲೆಯ ಹಾಗೆ ಹೃದಯಕ್ಕೆ ಹೋಗುವುದಿಲ್ಲ. ಆದರೂ ತಿನ್ನಲು ಬಿಡಬೇಡಿ. ಈ ಗಿಡದಿಂದಲೇ ವಿನ್‌ಕ್ರಿಸ್ಟಿನ್ ತೆಗೆಯುತ್ತಾರೆ, ಮನುಷ್ಯರ ರಕ್ತದ ಕ್ಯಾನ್ಸರಿಗೆ 1960ರ ದಶಕದಿಂದ ಬಳಸುತ್ತಿರುವ ಮದ್ದು. ಬೀದಿ ನಾಯಿಗಳ ಜನನಾಂಗದಲ್ಲಿ ಬರುವ ಟಿವಿಟಿ ಅನ್ನುವ ಕ್ಯಾನ್ಸರ್ ಗಡ್ಡೆಗೆ ನಾವು ಅದನ್ನೇ ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತೇವೆ. ರಕ್ತ ಸೋರುತ್ತಿದ್ದ ಗಡ್ಡೆ ಕೆಲವು ವಾರಗಳಲ್ಲಿ ಕರಗುವುದನ್ನು ನೋಡಿದರೆ ಈ ಗಿಡದ ಮೇಲೆ ಗೌರವ ಬರುತ್ತೆ. ಆದರೆ ಪ್ರತಿ ಡೋಸಿಗೂ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತೇವೆ, ಬಿಳಿ ರಕ್ತಕಣ ಕುಸಿಯಬಹುದು ಅಂತ. ಅಂಥ ಗಿಡವನ್ನು ನಾಯಿ ಜಾಸ್ತಿ ತಿಂದರೆ ವಾಂತಿ, ಭೇದಿ, ನಡುಕ, ಫಿಟ್ಸ್ ಕೂಡ ಆಗಬಹುದು. ಕುಂಡಗಳನ್ನು ಗ್ರಿಲ್‌ಗೆ ಎತ್ತರದಲ್ಲಿ ತೂಗುಹಾಕಿ.

ಅಪಾರ್ಟ್‌ಮೆಂಟ್‌ನವರಿಗೆ ಇನ್ನೊಂದು ಮಾತು. ಗೇಟಿನ ಹತ್ತಿರ ಅಂದಕ್ಕೆ ನೆಡುವ ಸೈಕಾಸ್, ಕುಳ್ಳಗಿನ ಈಚಲಿನ ಹಾಗೆ ಕಾಣುವುದು, ನಾಯಿಯ ಲಿವರ್ ಹಾಳುಮಾಡುತ್ತೆ. ಅದರ ಕೆಂಪು ಬೀಜ ಒಂದೆರಡು ತಿಂದರೂ ಪ್ರಾಣಕ್ಕೆ ಅಪಾಯ. ಅಸೋಸಿಯೇಷನ್ನಿನಲ್ಲಿ ಹೇಳಿ ತೆಗೆಸಿ.

ಗಿರಿನಗರದಿಂದ ಮತ್ತೆ: ಡಾಕ್ಟ್ರೇ, ಮರಿಗೆ ಇಸಿಜಿ ಮಾಡಿಸಿದೆವು, ಸದ್ಯಕ್ಕೆ ಸರಿ ಇದೆ. ರಾತ್ರಿ ಅಲ್ಲೇ ಬಿಟ್ಟಿದ್ದೇವೆ. ಗಿಡ ತೆಗೆಸೋಣ ಅಂತ ಅತ್ತೆಯೇ ಅಂದರು. ಭಾನುವಾರ ಮಾಲಿ ಬರುತ್ತಾರೆ. ಏನು ಎಚ್ಚರ ಬೇಕು?

ಉತ್ತರ: ಒಳ್ಳೆಯ ಸುದ್ದಿ. ಮಾಲಿಗೆ ಗ್ಲೌಸ್ ಕೊಡಿ, ಗಿಡದ ಸೊನೆ ಚರ್ಮಕ್ಕೆ ಉರಿ ತರುತ್ತೆ. ಆ ದಿನ ಮರಿ ಮನೆಯೊಳಗೇ ಇರಲಿ. ಕಡಿದ ಟೊಂಗೆಗಳನ್ನು ಬೀದಿ ಬದಿ ರಾಶಿ ಹಾಕಬೇಡಿ, ದನ, ಮೇಕೆ ತಿಂದರೆ ಅವೂ ಸಾಯುತ್ತವೆ. ಸುಡಲೂ ಬೇಡಿ, ಹೊಗೆ ಕೂಡ ಒಳ್ಳೆಯದಲ್ಲ. ಚೀಲದಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಏನೆಂದು ಹೇಳಿ ಕೊಡಿ. ಬೇರು ಪೂರ್ತಿ ಕೀಳಿಸಿ, ಇಲ್ಲದಿದ್ದರೆ ಮತ್ತೆ ಚಿಗುರುತ್ತೆ.